ಬ್ಲ್ಯಾಕ್ ಬೆಲ್ಟ್‌ಗೆ ಸಹಿ ಹಾಕುವವರು ಯಾರು? ಕೊರಿಯನ್ ಸಮರಕಲೆಗಳ ಸಂಘಟನೆ, ಫೀಸು ಮತ್ತು ಬಳಗದ ಕಥೆ

ಮುಂಬೈ, ಪುಣೆ, ಹೈದರಾಬಾದ್, ಚೆನ್ನೈ, ದೆಹಲಿ ಯಾವುದೇ ಊರಿರಲಿ, ಸಂಜೆ ಆರು ಗಂಟೆಗೆ ಅಪಾರ್ಟ್‌ಮೆಂಟ್ ಕ್ಲಬ್‌ಹೌಸ್‌ನಲ್ಲೋ ಶಾಲೆಯ ಅಂಗಳದಲ್ಲೋ ಬಿಳಿ ಸಮವಸ್ತ್ರ ತೊಟ್ಟ ಮಕ್ಕಳು ಸಾಲಾಗಿ ನಿಂತು ಕಾಲೆತ್ತಿ ಒದೆಯುವುದು ಈಗ ಮಾಮೂಲಿ ದೃಶ್ಯ. ಮಗು ಬಿಳಿ ಬೆಲ್ಟ್‌ನಿಂದ ಹಳದಿಗೆ, ಹಳದಿಯಿಂದ ಹಸಿರಿಗೆ ಏರಿದಂತೆಲ್ಲ ಪೋಷಕರ ಮುಂದೆ ಒಂದೊಂದೇ ಬಿಲ್ ಬರುತ್ತದೆ. ತಿಂಗಳ ಫೀಸು ಬೇರೆ, ಬೆಲ್ಟ್ ಟೆಸ್ಟ್ ಫೀಸು ಬೇರೆ, ಟೂರ್ನಿ ಪ್ರವೇಶ ಶುಲ್ಕ ಬೇರೆ, ಕೊನೆಗೆ ಬ್ಲ್ಯಾಕ್ ಬೆಲ್ಟ್ ಸರ್ಟಿಫಿಕೇಟ್‌ಗೆ ದೊಡ್ಡ ಮೊತ್ತವೇ ಬೇರೆ.

ಇಷ್ಟೆಲ್ಲ ಕಟ್ಟಿದ ಮೇಲೆ ಅಪ್ಪನಿಗೋ ಅಮ್ಮನಿಗೋ ಬೇರೆ ಊರಿಗೆ ವರ್ಗವಾಗುತ್ತದೆ. ಹೊಸ ಊರಿನ ಕ್ಲಾಸಿಗೆ ಹೋದರೆ ಅಲ್ಲಿನ ಮಾಸ್ಟರ್ ಸರ್ಟಿಫಿಕೇಟ್ ನೋಡಿ, ‘ಇದು ನಮ್ಮ ಸಂಸ್ಥೆಯದ್ದಲ್ಲ, ಮತ್ತೆ ಮೊದಲಿನಿಂದ ಟೆಸ್ಟ್ ಕೊಡಬೇಕು’ ಎನ್ನುತ್ತಾರೆ. ಒಂದೇ ಟೇಕ್ವಾಂಡೋ, ಅದೇ ಒದೆ, ಅದೇ ಬೆಲ್ಟ್. ಆದರೂ ಒಬ್ಬರ ಕಾಗದ ಇನ್ನೊಬ್ಬರಿಗೆ ಯಾಕೆ ನಡೆಯುವುದಿಲ್ಲ? ಕಟ್ಟಿದ ದುಡ್ಡು ಯಾರಿಗೆ ಹೋಗುತ್ತದೆ? ಉತ್ತರ ಬೇಕೆಂದರೆ ಎಂಟು ದಶಕ ಹಿಂದಿನ ಸಿಯೋಲ್‌ಗೆ ಹೋಗಬೇಕು.

ಮೊದಲು ಇದ್ದದ್ದು ‘ಕ್ವಾನ್’

ಜಪಾನ್ ಆಳ್ವಿಕೆಯಿಂದ ಕೊರಿಯಾ ಬಿಡುಗಡೆಯಾದದ್ದು 1945ರಲ್ಲಿ. ಅದರ ಆಸುಪಾಸಿನ ವರ್ಷಗಳಲ್ಲಿ ಅಲ್ಲಿ ಒಂದರ ಹಿಂದೊಂದು ಸಮರಕಲೆಯ ಶಾಲೆಗಳು ಹುಟ್ಟಿಕೊಂಡವು. ಇವುಗಳಿಗೆ ‘ಕ್ವಾನ್’ ಎಂದು ಹೆಸರು. ಕ್ವಾನ್ ಎಂದರೆ ಮನೆ, ಭವನ ಎಂಬ ಅರ್ಥ. ಲೀ ವಾನ್ ಕುಕ್ ಅವರ ಚುಂಗ್ ಡೋ ಕ್ವಾನ್, ರೋ ಬ್ಯೂಂಗ್ ಜಿಕ್ ಅವರ ಸಾಂಗ್ ಮೂ ಕ್ವಾನ್, ಹ್ವಾಂಗ್ ಕೀ ಅವರ ಮೂ ಡುಕ್ ಕ್ವಾನ್ ಮೊದಲ ಸಾಲಿನವು. ಮುಂದೆ ಇವು ಕವಲೊಡೆದು ಒಂಬತ್ತು ಪ್ರಮುಖ ಕ್ವಾನ್‌ಗಳಾದವು. ಈ ಗುರುಗಳಲ್ಲಿ ಹಲವರು ಜಪಾನ್‌ನಲ್ಲಿ ಓದುವಾಗ ಕರಾಟೆ ಕಲಿತು ಬಂದವರು.

ಮೈಸೂರಿನ ಗರಡಿ ಮನೆ ಅಥವಾ ಕೊಲ್ಹಾಪುರದ ತಾಲೀಮು ನೋಡಿದವರಿಗೆ ಕ್ವಾನ್ ಎಂದರೇನು ಎಂದು ವಿವರಿಸಬೇಕಿಲ್ಲ. ಒಬ್ಬ ಗುರು, ಅವರ ಸುತ್ತ ಶಿಷ್ಯರು, ಶಿಷ್ಯರ ಶಿಷ್ಯರು. ‘ನೀನು ಯಾವ ಗರಡಿಯವನು?’ ಎಂದು ಕೇಳುವಂತೆ ಅಲ್ಲಿ ‘ನೀನು ಯಾವ ಕ್ವಾನ್‌ನವನು?’ ಎಂದು ಕೇಳುತ್ತಿದ್ದರು. ಆದರೆ ಗರಡಿಗೂ ಕ್ವಾನ್‌ಗೂ ಒಂದು ದೊಡ್ಡ ವ್ಯತ್ಯಾಸವಿದೆ. ಗರಡಿಯ ಪೈಲ್ವಾನನ ಯೋಗ್ಯತೆ ಅಖಾಡದಲ್ಲಿ ತೀರ್ಮಾನವಾಗುತ್ತದೆ, ಅದಕ್ಕೆ ಸರ್ಟಿಫಿಕೇಟ್ ಇಲ್ಲ. ಕ್ವಾನ್‌ಗಳು ಜಪಾನಿ ಪದ್ಧತಿಯಂತೆ ಬೆಲ್ಟ್ ಮತ್ತು ‘ಡಾನ್’ ಎಂಬ ದರ್ಜೆಗಳನ್ನು ಇಟ್ಟುಕೊಂಡವು. ದರ್ಜೆ ಇದ್ದ ಮೇಲೆ ಪರೀಕ್ಷೆ ಬೇಕು, ಪರೀಕ್ಷೆಗೆ ಫೀಸು ಬೇಕು, ಪಾಸಾದವರಿಗೆ ಗುರುವಿನ ಸಹಿ ಇರುವ ಕಾಗದ ಬೇಕು.

ಇಡೀ ಕಥೆಯ ಕೀಲಿ ಇರುವುದು ಇಲ್ಲೇ. ಯಾರ ಕೈಯಲ್ಲಿ ಸಹಿ ಹಾಕುವ ಹಕ್ಕಿದೆಯೋ ಅವರ ಕೈಯಲ್ಲಿ ಆದಾಯವೂ ಇರುತ್ತದೆ, ಬಳಗವೂ ಇರುತ್ತದೆ.

ಒಂದಾಗುವುದು ಸುಲಭವಿರಲಿಲ್ಲ

‘ಟೇಕ್ವಾಂಡೋ’ ಎಂಬ ಹೆಸರು ಚಲಾವಣೆಗೆ ಬಂದದ್ದು 1955ರಲ್ಲಿ. ಅದಕ್ಕಾಗಿ ಪಟ್ಟು ಹಿಡಿದವರು ಸೇನೆಯ ಜನರಲ್ ಚೋಯ್ ಹಾಂಗ್ ಹಿ. ಆದರೆ ಹೆಸರು ಒಂದಾದ ಮಾತ್ರಕ್ಕೆ ಮನೆಗಳು ಒಂದಾಗಲಿಲ್ಲ. 1961ರಲ್ಲಿ ದಕ್ಷಿಣ ಕೊರಿಯಾದಲ್ಲಿ ಸೇನಾ ಆಡಳಿತ ಬಂದಾಗ ಚದುರಿಹೋಗಿದ್ದ ಸಂಘಗಳೆಲ್ಲ ಒಗ್ಗೂಡಬೇಕು ಎಂಬ ಒತ್ತಡ ಮೇಲಿನಿಂದ ಬಂತು. ಹಲವು ಸುತ್ತಿನ ಜಗಳ, ರಾಜಿಗಳ ನಂತರ 1965ರಲ್ಲಿ ಕೊರಿಯಾ ಟೇಕ್ವಾಂಡೋ ಸಂಸ್ಥೆ ಎಂಬ ಹೆಸರು ಗಟ್ಟಿಯಾಯಿತು.

ಎಲ್ಲರೂ ಒಪ್ಪಲಿಲ್ಲ. ಮೂ ಡುಕ್ ಕ್ವಾನ್‌ನ ಹ್ವಾಂಗ್ ಕೀ ವಿಲೀನಕ್ಕೆ ಒಲ್ಲೆ ಎಂದರು. ಸರ್ಕಾರದ ಜೊತೆಗಿನ ಅವರ ಜಗಳ ಕೋರ್ಟ್ ಮೆಟ್ಟಿಲೇರಿತು, 1966ರಲ್ಲಿ ಸುಪ್ರೀಂ ಕೋರ್ಟ್‌ನಲ್ಲಿ ಅವರಿಗೆ ಜಯ ಸಿಕ್ಕಿತು. ಕಾನೂನಿನಲ್ಲಿ ಗೆದ್ದರೂ ನೆಲದಲ್ಲಿ ಅವರು ಸೋತಿದ್ದರು. ಶಿಷ್ಯರಲ್ಲಿ ಹೆಚ್ಚಿನವರು ಆಗಲೇ ಟೇಕ್ವಾಂಡೋ ಕಡೆಗೆ ಹೋಗಿದ್ದರು. 1974ರಲ್ಲಿ ಅವರು ಅಮೆರಿಕಕ್ಕೆ ತೆರಳಿದರು.

ಇತ್ತ ಚೋಯ್ ಹಾಂಗ್ ಹಿ 1966ರ ಮಾರ್ಚ್ 22ರಂದು ಸಿಯೋಲ್‌ನಲ್ಲೇ ಅಂತಾರಾಷ್ಟ್ರೀಯ ಟೇಕ್ವಾಂಡೋ ಫೆಡರೇಶನ್, ಅಂದರೆ ಐಟಿಎಫ್, ಕಟ್ಟಿದರು. ಅಧ್ಯಕ್ಷ ಪಾರ್ಕ್ ಚುಂಗ್ ಹೀ ಜೊತೆ ಅವರಿಗೆ ಹೊಂದಿಕೆಯಾಗಲಿಲ್ಲ. 1972ರಲ್ಲಿ ಕೆನಡಾ ಸೇರಿದರು, ಐಟಿಎಫ್ ಕೂಡ ಅವರ ಜೊತೆಗೇ ಹೋಯಿತು.

ದಕ್ಷಿಣ ಕೊರಿಯಾ ಸುಮ್ಮನೆ ಕೂರಲಿಲ್ಲ. 1971ರಲ್ಲಿ ಕೊರಿಯಾ ಟೇಕ್ವಾಂಡೋ ಸಂಸ್ಥೆಯ ಅಧ್ಯಕ್ಷರಾದ ಕಿಮ್ ಉನ್ ಯಾಂಗ್ ಕಾಲದಲ್ಲಿ ಸಿಯೋಲ್‌ನ ಗಂಗ್ನಮ್‌ನಲ್ಲಿ ಟೇಕ್ವಾಂಡೋಗೆಂದೇ ಒಂದು ಕೇಂದ್ರ ಭವನ ಎದ್ದಿತು. ಅದೇ ‘ಕುಕ್ಕಿವಾನ್’. ಬಾಗಿಲು ತೆರೆದದ್ದು 1972ರ ನವೆಂಬರ್ 30ರಂದು. ಮರುವರ್ಷ ಮೇ 28ರಂದು ವಿಶ್ವ ಟೇಕ್ವಾಂಡೋ ಫೆಡರೇಶನ್ ಸ್ಥಾಪನೆಯಾಯಿತು. ಇಂಗ್ಲಿಷ್‌ನಲ್ಲಿ ಅದರ ಮೊದಲಕ್ಷರಗಳಿಗೆ ಅಂತರ್ಜಾಲದಲ್ಲಿ ಮುಜುಗರದ ಅರ್ಥ ಬಂದಿದ್ದರಿಂದ 2017ರಲ್ಲಿ ಅದು ‘ವರ್ಲ್ಡ್ ಟೇಕ್ವಾಂಡೋ’ ಎಂದು ಹೆಸರು ಬದಲಿಸಿಕೊಂಡಿತು.

ಅಷ್ಟಾದರೂ ಕ್ವಾನ್‌ಗಳು ತಮ್ಮ ತಮ್ಮ ಸರ್ಟಿಫಿಕೇಟ್ ಕೊಡುವುದನ್ನು ಒಂದೇ ಸಲಕ್ಕೆ ಬಿಟ್ಟುಕೊಡಲಿಲ್ಲ. 1978ರಲ್ಲಿ ಕ್ವಾನ್‌ಗಳ ಏಕೀಕರಣ ಘೋಷಣೆಯಾಯಿತು. ಆಮೇಲೆ ಡಾನ್ ಸರ್ಟಿಫಿಕೇಟ್ ಎಂದರೆ ಕುಕ್ಕಿವಾನ್‌ನದ್ದು ಎಂದಾಯಿತು. ಹಳೆಯ ಕ್ವಾನ್‌ಗಳು ಹಳೆ ವಿದ್ಯಾರ್ಥಿಗಳ ಸಂಘದಂತೆ ಉಳಿದವು. ಸ್ನೇಹ ಉಳಿಯಿತು, ನೆನಪು ಉಳಿಯಿತು, ಸಹಿ ಮಾತ್ರ ಕೈ ಬದಲಾಯಿತು.

ಇಂದು ಯಾರು ಏನು ಮಾಡುತ್ತಾರೆ?

ಟೇಕ್ವಾಂಡೋ ಕಲಿಯುವವರಿಗೆ ಹೆಚ್ಚು ಗೊಂದಲ ತರುವುದು ಈ ಹೆಸರುಗಳೇ. ಸರಳವಾಗಿ ಹೀಗೆ ನೆನಪಿಟ್ಟುಕೊಳ್ಳಬಹುದು.

ವರ್ಲ್ಡ್ ಟೇಕ್ವಾಂಡೋ ನೋಡಿಕೊಳ್ಳುವುದು ಕ್ರೀಡೆಯನ್ನು. ಒಲಿಂಪಿಕ್ಸ್, ವಿಶ್ವ ಚಾಂಪಿಯನ್‌ಶಿಪ್, ನಿಯಮ, ಅಂಕ, ರೆಫರಿಗಳು ಇದರ ಕೆಲಸ. ಇದಕ್ಕೆ 200ಕ್ಕೂ ಹೆಚ್ಚು ರಾಷ್ಟ್ರೀಯ ಸದಸ್ಯ ಸಂಸ್ಥೆಗಳಿವೆ, ಒಂದು ದೇಶಕ್ಕೆ ಒಂದೇ ಸಂಸ್ಥೆ. 1988ರ ಸಿಯೋಲ್ ಮತ್ತು 1992ರ ಬಾರ್ಸಿಲೋನಾ ಒಲಿಂಪಿಕ್ಸ್‌ನಲ್ಲಿ ಪ್ರದರ್ಶನ ಕ್ರೀಡೆಯಾಗಿದ್ದ ಟೇಕ್ವಾಂಡೋ, 2000ದ ಸಿಡ್ನಿಯಲ್ಲಿ ಪೂರ್ಣ ಪದಕದ ಕ್ರೀಡೆಯಾಯಿತು.

ಕುಕ್ಕಿವಾನ್ ನೋಡಿಕೊಳ್ಳುವುದು ದರ್ಜೆಯನ್ನು. ಬ್ಲ್ಯಾಕ್ ಬೆಲ್ಟ್ ಸರ್ಟಿಫಿಕೇಟ್ ಕೊಡುವುದು, ಮಾಸ್ಟರ್‌ಗಳಿಗೆ ತರಬೇತಿ ನೀಡುವುದು ಇದರ ಕೆಲಸ. 15 ವರ್ಷ ತುಂಬದ ಮಕ್ಕಳಿಗೆ ‘ಪೂಮ್’, ಅದಕ್ಕಿಂತ ದೊಡ್ಡವರಿಗೆ ‘ಡಾನ್’. ಪೂಮ್ ಪಡೆದ ಮಗು 15 ದಾಟಿದ ಮೇಲೆ ಅರ್ಜಿ ಹಾಕಿ ಅದನ್ನು ಡಾನ್ ಆಗಿ ಬದಲಿಸಿಕೊಳ್ಳಬಹುದು. ಮೊದಲ ಡಾನ್‌ನಿಂದ ಎರಡಕ್ಕೆ ಕನಿಷ್ಠ 1 ವರ್ಷ, ಎರಡರಿಂದ ಮೂರಕ್ಕೆ 2 ವರ್ಷ, ಮೂರರಿಂದ ನಾಲ್ಕಕ್ಕೆ 3 ವರ್ಷ ಕಾಯಬೇಕು. ಅಂದರೆ ಮೊದಲ ಡಾನ್ ಸಿಕ್ಕ ಮೇಲೆ ನಾಲ್ಕನೆಯದನ್ನು ಮುಟ್ಟಲು ಕನಿಷ್ಠ ಆರು ವರ್ಷ.

ಐಟಿಎಫ್ ಇವೆರಡಕ್ಕೂ ಹೊರಗಿನ ಪ್ರತ್ಯೇಕ ಲೋಕ. ಅದರ ಅಭ್ಯಾಸ ಮಾದರಿಗಳು ಬೇರೆ, ಪಂದ್ಯದ ನಿಯಮ ಬೇರೆ, ಸರ್ಟಿಫಿಕೇಟ್ ಬೇರೆ. ಐಟಿಎಫ್ ಬ್ಲ್ಯಾಕ್ ಬೆಲ್ಟ್ ಒಲಿಂಪಿಕ್ ದಾರಿಗೆ ನೇರವಾಗಿ ಸೇರುವುದಿಲ್ಲ. ಹಾಗೆಂದು ಅದು ಕಡಿಮೆ ದರ್ಜೆಯದ್ದೂ ಅಲ್ಲ, ಮನೆ ಬೇರೆ ಅಷ್ಟೇ.

ಒಂದು ಐಟಿಎಫ್ ಮೂರಾದ ಬಗೆ

ಚೋಯ್ 1980ರಲ್ಲಿ ಟೇಕ್ವಾಂಡೋವನ್ನು ಉತ್ತರ ಕೊರಿಯಾಕ್ಕೆ ಒಯ್ದರು. 1985ರಲ್ಲಿ ಐಟಿಎಫ್ ಕೇಂದ್ರ ಕಚೇರಿ ವಿಯೆನ್ನಾಕ್ಕೆ ಬಂತು. 2002ರಲ್ಲಿ ಪ್ಯೊಂಗ್ಯಾಂಗ್‌ನಲ್ಲಿ ಅವರು ತೀರಿಕೊಂಡರು. ಆಗ ಎದ್ದದ್ದು ಉತ್ತರಾಧಿಕಾರದ ಪ್ರಶ್ನೆ. ಅವರ ಮಗ ಚೋಯ್ ಜುಂಗ್ ಹ್ವಾ ಒಂದು ಬಣ, ಉತ್ತರ ಕೊರಿಯಾದ ಐಒಸಿ ಸದಸ್ಯ ಚಾಂಗ್ ಉಂಗ್ ಒಂದು ಬಣ, ಕೆನಡಾದ ಟ್ರಾನ್ ಟ್ರಿಯು ಕ್ವಾನ್ ಇನ್ನೊಂದು ಬಣ. ಮೂವರೂ ‘ನಮ್ಮದೇ ನಿಜವಾದ ಐಟಿಎಫ್’ ಎಂದರು.

ಇಂಥ ಹೋಳುಗಳಲ್ಲಿ ಹೆಚ್ಚು ಪೆಟ್ಟು ತಿನ್ನುವುದು ತಳದಲ್ಲಿರುವ ಮಾಸ್ಟರ್‌ಗಳು ಮತ್ತು ಅವರ ಮಕ್ಕಳು. ನಿನ್ನೆಯವರೆಗೆ ಒಟ್ಟಿಗೆ ಅಭ್ಯಾಸ ಮಾಡಿದ ಎರಡು ಕ್ಲಬ್‌ಗಳು ಇಂದು ಬೇರೆ ಬೇರೆ ಬಣಕ್ಕೆ ಹೋದರೆ, ಒಬ್ಬರ ಟೂರ್ನಿಗೆ ಇನ್ನೊಬ್ಬರಿಗೆ ಕರೆ ಬರುವುದಿಲ್ಲ. ಒದೆಯುವ ರೀತಿ ಬದಲಾಗಿರುವುದಿಲ್ಲ, ಕಾಗದದ ಮೇಲಿನ ಲಾಂಛನ ಮಾತ್ರ ಬದಲಾಗಿರುತ್ತದೆ.

ಸಮಾಧಾನದ ಸಂಗತಿಯೂ ಇದೆ. 2014ರಲ್ಲಿ ಚೀನಾದ ನಾನ್‌ಜಿಂಗ್‌ನಲ್ಲಿ ವಿಶ್ವ ಟೇಕ್ವಾಂಡೋ ಸಂಸ್ಥೆ ಮತ್ತು ಚಾಂಗ್ ಉಂಗ್ ಬಣದ ಐಟಿಎಫ್ ಪರಸ್ಪರ ಗೌರವಿಸುವ ಒಪ್ಪಂದಕ್ಕೆ ಸಹಿ ಹಾಕಿದವು. 2018ರ ಪ್ಯೊಂಗ್‌ಚಾಂಗ್ ಚಳಿಗಾಲದ ಒಲಿಂಪಿಕ್ಸ್ ವೇಳೆ ಉತ್ತರ ಮತ್ತು ದಕ್ಷಿಣ ಕೊರಿಯಾದ ಟೇಕ್ವಾಂಡೋ ತಂಡಗಳು ಒಟ್ಟಿಗೆ ಪ್ರದರ್ಶನ ನೀಡಿದವು.

ಟೇಕ್ವಾಂಡೋ ಮಾತ್ರ ಅಲ್ಲ

ಉಳಿದ ಕೊರಿಯನ್ ಸಮರಕಲೆಗಳ ಕಥೆಯೂ ಇದೇ ಜಾಡಿನದ್ದು. ಹ್ವಾಂಗ್ ಕೀ ಅವರ ‘ಟಾಂಗ್ ಸೂ ಡೋ’ ದಕ್ಷಿಣ ಕೊರಿಯಾದಲ್ಲಿ ನೆಲೆಸಿದ್ದ ಅಮೆರಿಕದ ಸೈನಿಕರ ಮೂಲಕ ಅಮೆರಿಕ ಸೇರಿತು. ನಟ ಚಕ್ ನಾರಿಸ್ ಇದನ್ನು ಕಲಿತದ್ದು ವಾಯುಪಡೆಯ ಸೈನಿಕರಾಗಿ ಒಸಾನ್ ನೆಲೆಯಲ್ಲಿದ್ದಾಗ. ಅವರ ಗುರು ಜೇ ಚುಲ್ ಶಿನ್ ಮುಂದೆ ಫಿಲಡೆಲ್ಫಿಯಾದಲ್ಲಿ 1982ರಲ್ಲಿ ವಿಶ್ವ ಟಾಂಗ್ ಸೂ ಡೋ ಸಂಸ್ಥೆ ಕಟ್ಟಿದರು. ಹ್ವಾಂಗ್ ಕೀ ಅವರ ಮೂಲ ಬಳಗ ಇನ್ನೊಂದು ಕಡೆ ಮುಂದುವರಿಯಿತು. ಇವೆರಡರ ಆಚೆಗೂ ಹಲವು ಚಿಕ್ಕ ಸಂಸ್ಥೆಗಳು ಹುಟ್ಟಿದವು.

ಹ್ಯಾಪ್ಕಿಡೋ ಇನ್ನೊಂದು ಉದಾಹರಣೆ. ಡೇಗು ನಗರದಲ್ಲಿ ಚೋಯ್ ಯಾಂಗ್ ಸುಲ್ ಕಲಿಸಿದ ವಿದ್ಯೆಯಿಂದ ಬೆಳೆದ ಈ ಕಲೆಗೆ ಕುಕ್ಕಿವಾನ್‌ನಂಥ ಒಂದೇ ಕೇಂದ್ರ ಇಲ್ಲ. ದಕ್ಷಿಣ ಕೊರಿಯಾದಲ್ಲೇ ಹಲವು ಸಂಘಗಳು ತಮ್ಮ ತಮ್ಮ ಡಾನ್ ಸರ್ಟಿಫಿಕೇಟ್ ಕೊಡುತ್ತವೆ. ಇದಕ್ಕೆ ತದ್ವಿರುದ್ಧ ಸುಹ್ ಇನ್ ಹ್ಯೂಕ್ ಸ್ಥಾಪಿಸಿದ ಕುಕ್ ಸೂಲ್ ವಾನ್. ಅಮೆರಿಕದ ಟೆಕ್ಸಾಸ್‌ನಲ್ಲಿ ಕೇಂದ್ರವಿರುವ ಈ ಸಂಸ್ಥೆಯಲ್ಲಿ ಪಾಠಕ್ರಮದಿಂದ ದರ್ಜೆಯವರೆಗೆ ಎಲ್ಲವೂ ಒಂದೇ ಕಚೇರಿಯಡಿ.

ಒಂದು ಕೇಂದ್ರ ಇದ್ದರೆ ಗುಣಮಟ್ಟ ಒಂದೇ ಇರುತ್ತದೆ, ಆದರೆ ಕೇಂದ್ರ ಹೇಳಿದ್ದೇ ಬೆಲೆ. ಹಲವು ಕೇಂದ್ರಗಳಿದ್ದರೆ ಸ್ವಾತಂತ್ರ್ಯ ಹೆಚ್ಚು, ಆದರೆ ಯಾರ ಕಾಗದಕ್ಕೆ ಎಷ್ಟು ಬೆಲೆ ಎಂದು ಹೊಸಬರಿಗೆ ತಿಳಿಯುವುದಿಲ್ಲ.

ಫೀಸು ಎಲ್ಲೆಲ್ಲಿ ಹಂಚಿಕೆಯಾಗುತ್ತದೆ?

ಈಗ ದುಡ್ಡಿನ ವಿಷಯಕ್ಕೆ ಬರೋಣ. ಸಾಮಾನ್ಯ ಟೇಕ್ವಾಂಡೋ ಕ್ಲಾಸಿನ ಖರ್ಚಿನಲ್ಲಿ ಮೂರು ಪದರಗಳಿವೆ.

ಮೊದಲನೆಯದು ಕ್ಲಾಸಿನದ್ದೇ ಖರ್ಚು: ತಿಂಗಳ ಫೀಸು, ಡೋಬೋಕ್ ಎಂಬ ಸಮವಸ್ತ್ರ, ಪಂದ್ಯಕ್ಕೆ ಬೇಕಾದ ಎದೆಗವಚ, ಹೆಲ್ಮೆಟ್, ಗಾರ್ಡ್‌ಗಳು. ಜಾಗದ ಬಾಡಿಗೆ, ಮಾಸ್ಟರ್ ಸಂಬಳ ಹೊರಡುವುದು ಇಲ್ಲಿಂದ.

ಎರಡನೆಯದು ಬಣ್ಣದ ಬೆಲ್ಟ್‌ಗಳ ಟೆಸ್ಟ್. ಬ್ಲ್ಯಾಕ್ ಬೆಲ್ಟ್‌ಗಿಂತ ಕೆಳಗಿನ ದರ್ಜೆಗಳಿಗೆ ‘ಗೂಪ್’ ಎನ್ನುತ್ತಾರೆ. ಬಿಳಿ, ಹಳದಿ, ಹಸಿರು, ನೀಲಿ, ಕೆಂಪು ಎಲ್ಲ ಇದರಲ್ಲಿ ಬರುತ್ತವೆ. ಈ ಹಂತದ ಪರೀಕ್ಷೆಯನ್ನು ಸಾಮಾನ್ಯವಾಗಿ ಆಯಾ ಕ್ಲಬ್ ಅಥವಾ ಜಿಲ್ಲಾ, ರಾಜ್ಯ ಸಂಘ ನಡೆಸುತ್ತದೆ. ಹಾಗಾಗಿ ಹಳದಿ ಬೆಲ್ಟ್ ಸರ್ಟಿಫಿಕೇಟ್ ಮೇಲೆ ಎಷ್ಟೇ ದೊಡ್ಡ ಲಾಂಛನ ಇದ್ದರೂ ಅದರ ಬೆಲೆ ಕೊಟ್ಟವರ ಬಳಗದೊಳಗೆ ಮಾತ್ರ. ವರ್ಗವಾಗಿ ಬೇರೆ ಊರಿಗೆ ಹೋದ ಮಗುವಿಗೆ ತೊಂದರೆಯಾಗುವುದು ಇದರಿಂದಲೇ.

ಮೂರನೆಯದು ಪೂಮ್ ಮತ್ತು ಡಾನ್. ಇಲ್ಲಿ ದುಡ್ಡು ಮೇಲಕ್ಕೆ ಹರಿಯುತ್ತದೆ. ದಕ್ಷಿಣ ಕೊರಿಯಾದಲ್ಲಿ ಕುಕ್ಕಿವಾನ್ ಪರೀಕ್ಷೆ ನಡೆಸುವ ಹೊಣೆಯನ್ನು ಕೊರಿಯಾ ಟೇಕ್ವಾಂಡೋ ಸಂಸ್ಥೆಗೆ ವಹಿಸುತ್ತದೆ, ಅದು ನಗರ ಮತ್ತು ಪ್ರಾಂತ್ಯಗಳ ಸಂಘಗಳಿಗೆ ವಹಿಸುತ್ತದೆ. ಪ್ರತಿ ಮೆಟ್ಟಿಲಲ್ಲೂ ಒಂದಿಷ್ಟು ಸೇರುತ್ತಾ ಹೋಗುತ್ತದೆ. ವಿದೇಶಗಳಲ್ಲಿ ರಾಷ್ಟ್ರೀಯ ಸಂಸ್ಥೆಯ ಮೂಲಕವೋ, ಅರ್ಹತೆ ಪಡೆದ ಮೇಲ್ದರ್ಜೆಯ ಮಾಸ್ಟರ್ ಶಿಫಾರಸಿನ ಮೂಲಕವೋ ಅರ್ಜಿ ಹೋಗುತ್ತದೆ. ಪೋಷಕರು ಕಟ್ಟುವ ಒಟ್ಟು ಮೊತ್ತ ಮತ್ತು ಸಿಯೋಲ್‌ಗೆ ನಿಜವಾಗಿ ತಲುಪುವ ಮೊತ್ತ ಒಂದೇ ಅಲ್ಲ. ನಡುವಿನದ್ದು ಪರೀಕ್ಷಕರ ಖರ್ಚು, ಸಂಘದ ಪಾಲು, ಕ್ಲಬ್‌ನ ಪಾಲು.

ಇದರಲ್ಲಿ ತಪ್ಪೇನೂ ಇಲ್ಲ. ಪರೀಕ್ಷಕರು ಪುಕ್ಕಟೆ ಬರಲಾರರು, ಸಂಘದ ಕಚೇರಿ ಗಾಳಿಯಲ್ಲಿ ನಡೆಯದು. ಸಮಸ್ಯೆ ಶುರುವಾಗುವುದು ಲೆಕ್ಕ ಕೇಳಿದಾಗ ಉತ್ತರ ಸಿಗದಿದ್ದರೆ. ಮೇಲಿನ ಹಂತದಲ್ಲೇ ಕಹಿ ಉದಾಹರಣೆ ಇದೆ. ಕುಕ್ಕಿವಾನ್ ಮತ್ತು ವಿಶ್ವ ಸಂಸ್ಥೆ ಎರಡನ್ನೂ ಕಟ್ಟಿ ಬೆಳೆಸಿದ, ಐಒಸಿ ಉಪಾಧ್ಯಕ್ಷರೂ ಆಗಿದ್ದ ಕಿಮ್ ಉನ್ ಯಾಂಗ್ 2004ರಲ್ಲಿ ಹಣ ದುರುಪಯೋಗದ ಪ್ರಕರಣದಲ್ಲಿ ಶಿಕ್ಷೆಗೊಳಗಾದರು. ಟೇಕ್ವಾಂಡೋವನ್ನು ಒಲಿಂಪಿಕ್ಸ್‌ಗೆ ಒಯ್ದ ಕೀರ್ತಿಯೂ ಅವರದ್ದೇ ಎಂಬುದು ಈ ಕಥೆಯ ವಿಪರ್ಯಾಸ.

ಕೊರಿಯಾದಲ್ಲಿ ಒಂದು ವರ್ಷ, ಇಲ್ಲಿ ಯಾಕೆ ನಾಲ್ಕು?

ದಕ್ಷಿಣ ಕೊರಿಯಾದ ಮಕ್ಕಳು ಸುಮಾರು ಒಂದು ವರ್ಷದಲ್ಲೇ ಮೊದಲ ಪೂಮ್ ಪಡೆಯುವುದು ಸಾಮಾನ್ಯ. ಅಲ್ಲಿ ಡೋಜಾಂಗ್ ಎಂದರೆ ಶಾಲೆ ಬಿಟ್ಟ ಮೇಲೆ ವಾರಕ್ಕೆ ಐದು ದಿನ ಹೋಗುವ ಜಾಗ. ವ್ಯಾನ್ ಬಂದು ಮಕ್ಕಳನ್ನು ಕರೆದೊಯ್ಯುತ್ತದೆ. ದುಡಿಯುವ ತಂದೆ ತಾಯಿಗೆ ಅದು ಅರ್ಧ ತರಗತಿ, ಅರ್ಧ ಮಕ್ಕಳ ಪಾಲನಾ ಕೇಂದ್ರ. ಮೊದಲ ಡಾನ್ ಎಂದರೆ ಅಲ್ಲಿ ‘ಅಕ್ಷರಾಭ್ಯಾಸ ಮುಗಿಯಿತು’ ಎಂದಷ್ಟೇ ಅರ್ಥ.

ಹೊರದೇಶಗಳಲ್ಲಿ ವಾರಕ್ಕೆ ಎರಡು ಮೂರು ಕ್ಲಾಸು, ಹಾಗಾಗಿ ಮೂರ್ನಾಲ್ಕು ವರ್ಷ ಬೇಕಾಗುವುದು ಸಹಜ. ಅಲ್ಲಿ ಬ್ಲ್ಯಾಕ್ ಬೆಲ್ಟ್ ಎಂದರೆ ದೊಡ್ಡ ಸಾಧನೆ ಎಂಬ ಭಾವನೆ ಬೆಳೆದಿದೆ. ಈ ಭಾವನೆಯನ್ನೇ ಬಂಡವಾಳ ಮಾಡಿಕೊಂಡು ಬೆಲ್ಟ್‌ಗಳ ನಡುವೆ ಪಟ್ಟಿ, ಅರ್ಧ ಬೆಲ್ಟ್ ಎಂದು ಸೇರಿಸಿ ಟೆಸ್ಟ್‌ಗಳ ಸಂಖ್ಯೆ ಹೆಚ್ಚಿಸುವ ಕ್ಲಬ್‌ಗಳೂ ಇವೆ. ವರ್ಷಗಟ್ಟಲೆ ಫೀಸು ಮುಂಗಡ ಪಡೆದು ‘ಬ್ಲ್ಯಾಕ್ ಬೆಲ್ಟ್ ಗ್ಯಾರಂಟಿ’ ಎನ್ನುವವರೂ ಇದ್ದಾರೆ. ಕಲಿಕೆಗೆ ಗ್ಯಾರಂಟಿ ಕಾರ್ಡ್ ಇರುವುದಿಲ್ಲ ಎಂಬುದು ಪೋಷಕರಿಗೆ ಗೊತ್ತಿರಬೇಕು.

ಭಾರತದ ಪರಿಸ್ಥಿತಿ

ಭಾರತಕ್ಕೆ ಟೇಕ್ವಾಂಡೋ ಕಾಲಿಟ್ಟದ್ದು 1970ರ ದಶಕದಲ್ಲಿ. ದಶಕಗಳ ಕಾಲ ಟೇಕ್ವಾಂಡೋ ಫೆಡರೇಶನ್ ಆಫ್ ಇಂಡಿಯಾ ಮುಖ್ಯ ಸಂಸ್ಥೆಯಾಗಿತ್ತು. ನಂತರ ಪದಾಧಿಕಾರಿಗಳ ಜಗಳ, ಮಾನ್ಯತೆಯ ಪ್ರಶ್ನೆ ಕೋರ್ಟ್‌ವರೆಗೆ ಹೋಯಿತು. ‘ಇಂಡಿಯಾ ಟೇಕ್ವಾಂಡೋ’ ಎಂಬ ಇನ್ನೊಂದು ಸಂಸ್ಥೆಗೆ ವರ್ಲ್ಡ್ ಟೇಕ್ವಾಂಡೋ ಮಾನ್ಯತೆ ಸಿಕ್ಕಿತು. ಇವುಗಳ ಜೊತೆಗೆ ಐಟಿಎಫ್ ಬಣಗಳು, ‘ಇಂಡಿಯಾ’, ‘ನ್ಯಾಷನಲ್’ ಎಂದು ಹೆಸರಿಟ್ಟುಕೊಂಡ ಖಾಸಗಿ ಸಂಸ್ಥೆಗಳೂ ಸೇರಿವೆ.

ಇದರ ಬಿಸಿ ತಟ್ಟುವುದು ಆಟಗಾರರಿಗೆ. ವರ್ಲ್ಡ್ ಟೇಕ್ವಾಂಡೋ ಅಂತಾರಾಷ್ಟ್ರೀಯ ಪಂದ್ಯಗಳಿಗೆ ಹೋಗಬೇಕಾದರೆ ಮಾನ್ಯತೆ ಪಡೆದ ರಾಷ್ಟ್ರೀಯ ಸಂಸ್ಥೆಯ ಮೂಲಕ ಹೋಗಬೇಕು, ಅಂಗೀಕೃತ ಡಾನ್ ಅಥವಾ ಪೂಮ್ ಇರಬೇಕು, ಅಥ್ಲೀಟ್ ಲೈಸೆನ್ಸ್ ಬೇಕು. ಕಾಲೇಜು ಅಥವಾ ಉದ್ಯೋಗದ ಕ್ರೀಡಾ ಕೋಟಾದಲ್ಲೂ ಮಾನ್ಯತೆ ಇಲ್ಲದ ಸಂಸ್ಥೆಯ ‘ರಾಷ್ಟ್ರೀಯ ಚಿನ್ನ’ ಲೆಕ್ಕಕ್ಕೆ ಬರುವುದು ಕಷ್ಟ. ಹತ್ತು ವರ್ಷ ಬೆವರು ಸುರಿಸಿದ ಹುಡುಗಿ ತಾನು ಕಟ್ಟಿದ ಫೀಸು ತಪ್ಪು ಬಾಗಿಲಿಗೆ ಹೋಯಿತು ಎಂದು ಹದಿನೆಂಟನೇ ವಯಸ್ಸಿನಲ್ಲಿ ತಿಳಿದರೆ ಆ ನಷ್ಟ ತುಂಬಿಕೊಡುವವರು ಯಾರೂ ಇಲ್ಲ.

ಇಷ್ಟೆಲ್ಲ ಅಡೆತಡೆಗಳ ನಡುವೆಯೂ ಹರಿಯಾಣದ ಅರುಣಾ ತನ್ವರ್ ಟೋಕಿಯೋ ಪ್ಯಾರಾಲಿಂಪಿಕ್ಸ್‌ನಲ್ಲಿ ಭಾಗವಹಿಸಿದ ಭಾರತದ ಮೊದಲ ಟೇಕ್ವಾಂಡೋ ಪಟು ಎನಿಸಿಕೊಂಡರು.

ಹಾಗಾದರೆ ಸಂಸ್ಥೆಯೇ ಬೇಡವೇ?

ಬೇಸತ್ತು ಯಾವ ಸಂಸ್ಥೆಯೂ ಬೇಡ ಎಂದು ಹೊರಬಂದು ಸ್ವತಂತ್ರವಾಗಿ ಕಲಿಸುವ ಮಾಸ್ಟರ್‌ಗಳು ಎಲ್ಲ ದೇಶಗಳಲ್ಲೂ ಇದ್ದಾರೆ. ಫೀಸು ಕಡಿಮೆ, ರಾಜಕೀಯ ಇಲ್ಲ. ಆರೋಗ್ಯಕ್ಕೆ, ಆತ್ಮರಕ್ಷಣೆಗೆ ಕಲಿಯುವವರಿಗೆ ಇದು ಸಾಕು. ಆದರೆ ಆ ಮಾಸ್ಟರ್ ಊರು ಬಿಟ್ಟರೆ, ಅಥವಾ ಕ್ಲಾಸು ನಿಲ್ಲಿಸಿದರೆ, ಶಿಷ್ಯರ ದರ್ಜೆಗೆ ಸಾಕ್ಷಿ ಹೇಳುವವರು ಉಳಿಯುವುದಿಲ್ಲ. ಸಂಸ್ಥೆಗೆ ಕಟ್ಟುವ ಹಣ ನಿಜವಾಗಿ ಕೊಳ್ಳುವುದು ಇದನ್ನೇ: ಗುರು ಇಲ್ಲದಿದ್ದರೂ ಉಳಿಯುವ ಒಂದು ದಾಖಲೆ.

ಮೂ ಡುಕ್ ಕ್ವಾನ್ ಬಳಗದಲ್ಲಿ ಇದಕ್ಕೊಂದು ಚಂದದ ಪದ್ಧತಿ ಇದೆ. ಬ್ಲ್ಯಾಕ್ ಬೆಲ್ಟ್ ಪಡೆದ ಪ್ರತಿಯೊಬ್ಬರಿಗೂ ‘ಡಾನ್ ಬಾನ್’ ಎಂಬ ಕ್ರಮಸಂಖ್ಯೆ ಸಿಗುತ್ತದೆ. ಹ್ವಾಂಗ್ ಕೀ ಕಾಲದಿಂದ ಸಾಲಾಗಿ ಬಂದ ಸಂಖ್ಯೆ ಅದು. ಬೇರೆ ದೇಶದಲ್ಲಿ ಭೇಟಿಯಾದ ಇಬ್ಬರು ಅಪರಿಚಿತರು ಸಂಖ್ಯೆ ಕೇಳಿಕೊಂಡರೆ ಯಾರು ಹಿರಿಯರು, ಯಾರು ಕಿರಿಯರು ಎಂದು ತಿಳಿಯುತ್ತದೆ. ಬಳಗ ಒಡೆದರೂ ಎಷ್ಟೋ ಜನ ಆ ಸಂಖ್ಯೆಯನ್ನು ಬಿಟ್ಟುಕೊಡುವುದಿಲ್ಲ.

ಕೊರಿಯನ್ನರು ಮಾಸ್ಟರ್‌ನನ್ನು ‘ಸಾಬಮ್‌ನಿಮ್’ ಎಂದು ಕರೆಯುತ್ತಾರೆ. ‘ನಿಮ್’ ಎಂಬುದು ನಮ್ಮ ‘ಅವರು’, ಹಿಂದಿಯ ‘ಜೀ’ ಇದ್ದ ಹಾಗೆ. ಆ ಗೌರವ ಒಳ್ಳೆಯದೇ. ಆದರೆ ಗೌರವದ ಹೆಸರಿನಲ್ಲಿ ರಸೀದಿ ಕೇಳಲು ಹಿಂಜರಿಯಬೇಕಾಗಿಲ್ಲ.

ದುಡ್ಡು ಕಟ್ಟುವ ಮುನ್ನ ಕೇಳಬೇಕಾದ ಪ್ರಶ್ನೆಗಳು

* ಕ್ಲಬ್ ಯಾವ ಸಂಸ್ಥೆಗೆ ಸೇರಿದೆ? ವರ್ಲ್ಡ್ ಟೇಕ್ವಾಂಡೋ ದಾರಿಯೋ, ಐಟಿಎಫ್ ದಾರಿಯೋ, ಸ್ವತಂತ್ರವೋ? ಐಟಿಎಫ್ ಆದರೆ ಯಾವ ಬಣ?
* ಬ್ಲ್ಯಾಕ್ ಬೆಲ್ಟ್ ಸರ್ಟಿಫಿಕೇಟ್ ಎಲ್ಲಿಂದ ಬರುತ್ತದೆ? ಕುಕ್ಕಿವಾನ್ ಎಂದು ಹೇಳಿದರೆ ಮಾಸ್ಟರ್ ತಮ್ಮ ಡಾನ್ ಸಂಖ್ಯೆ ತೋರಿಸಬಲ್ಲರೇ? ಕುಕ್ಕಿವಾನ್ ಜಾಲತಾಣದಲ್ಲಿ ಸರ್ಟಿಫಿಕೇಟ್ ಪರಿಶೀಲಿಸಲು ಅವಕಾಶವಿದೆ.
* ಬಿಳಿ ಬೆಲ್ಟ್‌ನಿಂದ ಬ್ಲ್ಯಾಕ್ ಬೆಲ್ಟ್‌ವರೆಗೆ ಒಟ್ಟು ಎಷ್ಟು ಟೆಸ್ಟ್, ಪ್ರತಿ ಟೆಸ್ಟ್‌ಗೆ ಎಷ್ಟು ಫೀಸು? ಬರಹದಲ್ಲಿ ಕೊಡುತ್ತಾರಾ?
* ಫೇಲ್ ಆದರೆ ಮತ್ತೆ ಪೂರ್ತಿ ಫೀಸು ಕಟ್ಟಬೇಕೇ? ಇದುವರೆಗೆ ಯಾರಾದರೂ ಫೇಲ್ ಆಗಿದ್ದಾರಾ? ಯಾರೂ ಫೇಲ್ ಆಗದ ಪರೀಕ್ಷೆ ಪರೀಕ್ಷೆಯೇ ಅಲ್ಲ.
* ಊರು ಬದಲಿಸಿದರೆ ಬೆಲ್ಟ್ ದಾಖಲೆ, ಪತ್ರ ಕೊಡುತ್ತಾರಾ?
* ಟೂರ್ನಿಯ ಹೆಸರಲ್ಲಿ ‘ಇಂಟರ್‌ನ್ಯಾಷನಲ್’ ಎಂದಿದ್ದರೆ, ಅದನ್ನು ನಡೆಸುವವರು ಯಾರು, ಅದಕ್ಕೆ ಮಾನ್ಯತೆ ಕೊಟ್ಟವರು ಯಾರು?

ಒಳ್ಳೆಯ ಮಾಸ್ಟರ್‌ಗೆ ಇಂಥ ಪ್ರಶ್ನೆಗಳಿಂದ ಸಿಟ್ಟು ಬರುವುದಿಲ್ಲ, ಉತ್ತರ ಅವರ ಬಳಿ ಸಿದ್ಧವಾಗಿಯೇ ಇರುತ್ತದೆ. ಮಗು ಒದೆಯುವುದನ್ನು, ಬೀಳುವುದನ್ನು, ಎದ್ದು ನಿಲ್ಲುವುದನ್ನು ಕಲಿಯುವುದು ಮಾಸ್ಟರ್‌ನಿಂದ ಮತ್ತು ಜೊತೆಗಾರರಿಂದ. ಸಂಸ್ಥೆಯ ಕಾಗದ ಆ ಕಲಿಕೆಯನ್ನು ಬೇರೆ ಊರಿಗೆ ಹೊತ್ತೊಯ್ಯುವ ಚೀಲ. ಹೊರಡುವ ದಿನ ಚೀಲ ಹರಿದಿದೆ ಎಂದು ತಿಳಿಯುವುದಕ್ಕಿಂತ, ಕ್ಲಾಸಿಗೆ ಸೇರಿಸುವ ದಿನವೇ ಒಮ್ಮೆ ಹೊಲಿಗೆ ನೋಡಿಕೊಳ್ಳುವುದು ಮೇಲು.